ಸುಮ್ಮನಿರದ ಕಾಲು

ಬೈಲಹೊಂಗಲದ ಮೊಕ್ಕಾಮಿನಲ್ಲಿ ನಮ್ಮ ನಾಟಕ ಕಂಪನಿಗೆ ಮುಂಬೈಯಿಂದ ಕರೆಂಟಿನ ಆರ್ಗನ್ ಬಂತು. ಅಲ್ಲಿಯವರೆಗೆ ನಾನು ನುಡಿಸುತ್ತಿದ್ದುದು ಕಾಲಿನಿಂದ ಗಾಳಿ ತುಂಬುವ ಪೇಟಿ. ಹೊಸದಕ್ಕೆ ಗಾಳಿ ಬೇಡ. ಕೆಳಗಿನ ಪೆಡಲ್ ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದನ್ನು ನನ್ನ ಕಾಲಿಗೆ ಯಾರು ಹೇಳಬೇಕು? ಅದು ರೂಢಿಯಂತೆ ತುಳಿಯುತ್ತಲೇ ಇತ್ತು.

ತಾಲೀಮಿನಲ್ಲಿ ರಾಜನ ಪಾತ್ರದವರು ಹಾಡು ನಿಲ್ಲಿಸಿದರು. "ಅಕ್ಕಾರ, ನಾ ಹಾಡಾಕ ಹತ್ತೇನೋ, ಜೋಕಾಲಿ ಆಡಾಕ ಹತ್ತೇನೋ?"

"ನಿಮ್ಮ ಸುರಕ್ಕ ಜೋಕಾಲೀನ ಚಲೋ ಬಿಡ್ರಿ," ಎಂದೆ.

ಮಾಲಕರು ನಗಲಿಲ್ಲ. "ಇವತ್ತಿನ ಆಟದಾಗ ನಿನ್ನ ಕಾಲು ನಿಲ್ಲಲಿಲ್ಲಂದ್ರ ಹುಬ್ಬಳ್ಳಿಯಿಂದ ಬ್ಯಾರೆ ಪೇಟಿ ಮಾಸ್ತರನ್ನ ಕರಸ್ತೇನಿ ನೋಡವಾ."

ನನ್ನ ಮತ್ತು ಮಗಳ ಊಟ ಆ ಪೇಟಿಯಿಂದಲೇ ನಡೆಯಬೇಕಿತ್ತು. ಸಂಜೆ ಪೆಡಲನ್ನು ಅರ್ಧ ಒತ್ತಿ, ಅಲ್ಲಾಡದಂತೆ ಸಂದಿಗೆ ಕಟ್ಟಿಗೆಯ ಚಕ್ಕೆ ಸಿಕ್ಕಿಸಿದೆ. ಮಗಳ ತೊಟ್ಟಿಲನ್ನು ಪಕ್ಕಕ್ಕೆ ಎಳೆದುಕೊಂಡು ಅದರ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡೆ. ಕಾಲು ತನ್ನ ಪಾಡಿಗೆ ತೂಗಿತು, ಆರ್ಗನ್ನಿನ ದನಿ ಅಲುಗಲಿಲ್ಲ, ಮಗಳು ಆಟ ಮುಗಿಯುವವರೆಗೆ ಏಳಲಿಲ್ಲ.

"ಅಂತೂ ಕಾಲಿಗೆ ಬುದ್ಧಿ ಬಂತಲ್ಲವಾ!" ಎಂದರು ಮಾಲಕರು.

ಹಿಂದೆಯೇ ರಾಜರು ಬಂದರು. "ನನ್ನ ಹಾಡು ಕೇಳಿ ಕೂಸು ಸುದ್ದಾ ಅಳಲಿಲ್ಲ ನೋಡ್ರಿ."

ಕೂಸಿಗೆ ನಿದ್ದೆ ಹತ್ತಿದ್ದು ತೊಟ್ಟಿಲು ತೂಗಿದ್ದಕ್ಕೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆವತ್ತು ನಾಲಿಗೆಗೂ ಒಂದು ಚಕ್ಕೆ ಸಿಕ್ಕಿಸಿಕೊಂಡೆ.