ಮೆಂಗ್ ದೊಕ್ಸುವಿನ ಗಂಟೆ

ಕೊರಿಯಾದ ಇಂಚೊನ್ ಬಂದರಿನ ಹಿಂದಿರುವ ಸೊಂಗ್ನಿಮ್ ದಿಣ್ಣೆಗೆ ಬೆಳಗಾಗುತ್ತಿದ್ದುದೇ ಮೆಂಗ್ ದೊಕ್ಸುವಿನ ಗಂಟೆಯಿಂದ. ಸೋಯಾ ಹಾಲಿನಿಂದ ಮಾಡಿದ ಬಿಸಿ ತೋಫುವಿನ ಹಲಗೆ ಬೆನ್ನಿಗೇರಿಸಿ ಮೆಟ್ಟಿಲು ಹತ್ತುತ್ತ ಅವನು ಎರಡು ಸಲ ಮೆಲ್ಲಗೆ, ಒಂದು ಸಲ ಎಳೆದು ಬಾರಿಸುವನು. ಹೆಂಗಸರು ತಲೆ ಬಾಚದೆ, ಯಾರದೋ ಚಪ್ಪಲಿ ಮೆಟ್ಟಿಕೊಂಡು, ಬೋಗುಣಿ ಹಿಡಿದು ಹೊರಗೆ ಬರುವರು. ದೊಕ್ಸುವಿಗೆ ಹುಟ್ಟಿನಿಂದ ತೊದಲು. ಕೂಗಿ ಮಾರಲು ಹೋದರೆ ಮೊದಲ ಅಕ್ಷರದಲ್ಲೇ ಉಸಿರು ಕಟ್ಟುವುದು. ಅಪ್ಪ ಬಿಟ್ಟುಹೋದ ಆ ಹಿತ್ತಾಳೆ ಗಂಟೆಯೇ ಅವನ ಹೊಟ್ಟೆಗೆ ದಾರಿ.

“ಮದುವೆ ಮಾತಿಗೂ ಗಂಟೇನೇ ಕಳಿಸಿದ್ಯೇನಯ್ಯಾ?” ಎಂದು ತುದಿಮನೆಯ ಚುನ್ವೋಲ್ ಅಜ್ಜಿ ಕೆಣಕುವಳು. ಕೆಣಕಿದವಳೇ ಎಲ್ಲರಿಗಿಂತ ದೊಡ್ಡ ತುಂಡು ಕೊಳ್ಳುವಳು.

ಒಮ್ಮೆ ಅಡುಗೆ ಯಂತ್ರದ ಕಂಪನಿಯವನೊಬ್ಬ ಕಾಣಿಕೆಗೆಂದು ಹಣ್ಣಿನ ರಸದ ಪೆಟ್ಟಿಗೆ ಹಿಡಿದು ಬಂದ. ಮನೆಯಲ್ಲೇ ಸೋಯಾ ಹಾಲು, ತೋಫು ಮಾಡುವ ಯಂತ್ರವಂತೆ. ಕೆಲಸ ಮುಗಿದಾಗ ಅದು ಈ ಗಂಟೆಯಂತೆ ನುಡಿಯಬೇಕಂತೆ. ದೊಕ್ಸು ಗಂಟೆಯನ್ನು ಅಂಗಿಯ ತೋಳಿನಿಂದ ಒರೆಸಿ, ಅವನು ನಾದ ರೆಕಾರ್ಡ್ ಮಾಡಿಕೊಳ್ಳಲೆಂದು ಮಧ್ಯಾಹ್ನವೆಲ್ಲ ಬಾರಿಸಿ ಕೊಟ್ಟ. ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲವೆಂದು ಹೆಂಡತಿಯ ಮುಂದೆ ತೊದಲಿ ತೊದಲಿ ಹೇಳಿಕೊಂಡ.

ಯಂತ್ರ ದಿಣ್ಣೆಯ ಒಂದೊಂದೇ ಮನೆ ಹೊಕ್ಕಿತು. ಬೋಗುಣಿ ಹಿಡಿದು ಬರುವವರು ಕಡಿಮೆಯಾದರು. ಚಳಿಗೆ ಹೊರಗೆ ಬರುತ್ತಿಲ್ಲವೆಂದುಕೊಂಡ ದೊಕ್ಸು.

ಕಂಪನಿಯವನು ಮತ್ತೆ ಬಂದ. ಆ ನಾದ ಈಗ ಕಂಪನಿಯ ಟ್ರೇಡ್‌ಮಾರ್ಕ್ ಆಗಿದೆ, ಬೇರೆ ಯಾವ ಯಂತ್ರದವರೂ ಅದನ್ನು ಮುಟ್ಟುವಂತಿಲ್ಲ ಎಂದು ನಗುತ್ತ ತಿಳಿಸಿದ. ದೊಕ್ಸು ಕೈಯಲ್ಲಿದ್ದ ಗಂಟೆಯತ್ತ ನೋಡಿದ.

“ಹಂ... ಹಂಗಾದ್ರೆ ನಾನು?”

“ಅಯ್ಯೋ ತಾತ, ನಿಮಗ್ಯಾರು ಬೇಡ ಅಂದ್ರು? ನೀವು ಮೊದಲಿಂದ ಬಾರಿಸ್ತಿರೋರು. ಆರಾಮಾಗಿ ಬಾರಿಸ್ಕೊಳ್ಳಿ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುದಿನ ಒಂದು ಹಲಗೆ ಹೆಚ್ಚೇ ಹೊತ್ತ. ಕೆಳಗಿನ ಮೆಟ್ಟಿಲಿನಿಂದ ಬಾರಿಸುತ್ತ ಹತ್ತಿದ. ಒಂದು ಬಾಗಿಲೂ ತೆರೆಯಲಿಲ್ಲ. ತುದಿಮನೆಯ ಕಿಟಕಿ ಮಾತ್ರ ಬೆರಳಷ್ಟು ತೆರೆದಿತ್ತು. ಅದರ ಕೆಳಗೆ ನಿಂತು, ಎರಡು ಸಲ ಮೆಲ್ಲಗೆ, ಒಂದು ಸಲ ಉದ್ದಕ್ಕೆ ಎಳೆದ.

“ಸೊಸೇ, ಮಿಷನ್ನು ಬಾರಿಸ್ತಾ ಇದೆ, ಹಾಲಾಯ್ತೇನೋ ನೋಡು” ಎಂದಳು ಒಳಗಿನಿಂದ ಚುನ್ವೋಲ್ ಅಜ್ಜಿ.

“ಇಲ್ಲತ್ತೆ, ಇವತ್ತು ಹಾಕೇ ಇಲ್ಲ.”

“ಹಂಗಾದ್ರೆ ಪಕ್ಕದ ಮನೇದು ಬಿಡು.”

ದೊಕ್ಸು ಬಾಯಿ ತೆರೆದ. ಮೊದಲ ಅಕ್ಷರ ಹೊರಡಲಿಲ್ಲ. ಬೆನ್ನಿನ ಮೇಲೆ ತೋಫುವಿನ ಹಬೆ ಆರುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಗಂಟೆ ಸದ್ದು ಮಾಡದಂತೆ ಮುಷ್ಟಿಯಲ್ಲಿ ಬಿಗಿಹಿಡಿದು ಮೆಟ್ಟಿಲಿಳಿದ.