ಅಕ್ಕ ಮಲಗಿದ್ದ ಮೇಜು

ಎರಡನೇ ಮಹಾಯುದ್ಧ ಮುಗಿದಿತ್ತು, ಬ್ರಿಟಿಷರು ಇನ್ನೂ ಕೊಡಗು ಬಿಟ್ಟಿರಲಿಲ್ಲ. ವಿರಾಜಪೇಟೆ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಕೊಯ್ಯುವುದಕ್ಕೆ ಮಡಿಕೇರಿಯಿಂದ ಸರ್ಜನ್ ಬರುತ್ತಿದ್ದರು. ಅರಿವಳಿಕೆ ಕೊಡುವವರು ಪಟಾಲಮ್ಮಿನಿಂದ ಮರಳಿದ್ದ ನಮ್ಮ ಡಾಕ್ಟರು. ಈಥರ್ ಕೊಟ್ಟು ಮಲಗಿಸಿ, ಬಾಯಿಯಿಂದ ಉಸಿರುನಾಳಕ್ಕೆ ರಬ್ಬರ್ ಕೊಳವೆ ಇಳಿಸುವುದನ್ನು ಅವರು ಅಲ್ಲಿ ಕಲಿತಿದ್ದರು. ಆಗ ತೋಳಿಗೆ ಪಟ್ಟಿ ಸುತ್ತಿ ಪಾದರಸದ ಮೀಟರಿನಲ್ಲಿ ರಕ್ತದ ಒತ್ತಡ ನೋಡುವುದು ನನ್ನ ಕೆಲಸ.

ಬಿಟ್ಟಂಗಾಲದ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು ಕುತ್ತಿಗೆಯಲ್ಲಿ ಊದಿದ್ದ ಗಳಗಂಡ ತೆಗೆಸಲು ಬಂದಳು. ಕೊಳವೆ ಗಂಟಲಿಗೆ ತಾಗಿದ್ದೇ ತಡ, ಪಾದರಸ ಸರ್ರನೆ ಏರಿತು.

"ಡಾಕ್ಟ್ರೇ, ತುಂಬ ಏರಿತು!"

"ಇಳೀತದೆ, ಇರಿ ಸಿಸ್ಟರ್."

ಇಳಿಯಿತು. ಆದರೆ ಆಕೆಗೆ ಸರಿಯಾಗಿ ಎಚ್ಚರವೇ ಆಗಲಿಲ್ಲ. ಬಾಯಿ ಓರೆಯಾಗಿ, ಬಲಗೈ ಬಿದ್ದುಹೋಗಿ, ಕೆಲವೇ ದಿನಗಳಲ್ಲಿ ತೀರಿಕೊಂಡಳು. ಒತ್ತಡಕ್ಕೆ ತಲೆಯೊಳಗಿನ ರಕ್ತನಾಳ ಒಡೆದಿರಬೇಕೆಂದು ಡಾಕ್ಟರು ಅವಳ ತಂಗಿಗೆ ತಾವೇ ಹೇಳಿದರು.

ಮರುವರ್ಷ ಆ ತಂಗಿಯೇ ಬಂದಳು. ಅದೇ ಮುಖ, ಅದೇ ಗಳಗಂಡ. ಬಾಗಿಲಲ್ಲಿ ಅವಳನ್ನು ಕಂಡು ಅಕ್ಕನೇ ಎದ್ದು ಬಂದಳೇನೋ ಎನಿಸಿತು.

"ಮೈಸೂರಿಗೆ ಹೋಗಮ್ಮ, ಅಲ್ಲಿ ದೊಡ್ಡ ಆಸ್ಪತ್ರೆ ಉಂಟು" ಎಂದರು ಡಾಕ್ಟರು.

"ಮಲಗಿದ್ರೆ ಉಸಿರು ಕಟ್ತದೆ, ಅಷ್ಟು ದೂರ ಹೇಗೆ ಹೋಗಲಿ? ಅಕ್ಕನಿಗೆ ಏನಾಯ್ತಂತ ನೀವು ಮುಚ್ಚಿಡಲಿಲ್ಲ. ನೀವೇ ಮಾಡಿ."

ಅದೇ ಮೇಜಿನ ಮೇಲೆ ಮಲಗಿಸಿದೆವು. ಈ ಸಲ ಡಾಕ್ಟರು ಅವಸರಪಡಲಿಲ್ಲ. ಈಥರಿನ ಅಮಲು ಚೆನ್ನಾಗಿ ಏರುವವರೆಗೆ ಕಾದರು. ಕೊಳವೆ ತಾಗಿದ್ದು ತಿಳಿಯದಂತೆ ಗಂಟಲು ಮರಗಟ್ಟಿಸುವ ಔಷಧಿ ಸಿಂಪಡಿಸಿ, ಮತ್ತೆ ಕಾದರು. ಮೇಜಿನ ಮೇಲಿರುವುದು ಅಕ್ಕನೇ ಎಂಬ ಭ್ರಮೆ ನನ್ನನ್ನು ಬಿಡಲಿಲ್ಲ. ಅವಳ ಮುಖ ನೋಡದೆ ಪಾದರಸವನ್ನೇ ನೋಡುತ್ತ ನಿಂತೆ. ಕೊಳವೆ ಇಳಿಯಿತು. ಪಾದರಸ ಕೊಂಚ ಮೇಲೆದ್ದು, ಅಲ್ಲೇ ನಿಂತಿತು.

"ಏರಲಿಲ್ಲ ಡಾಕ್ಟ್ರೇ" ಎಂದೆ. ಅವರು ನಂಬದೆ ತಾವೇ ಬಂದು ನೋಡಿದರು.

ಸಂಜೆ ಅವಳು ಕಣ್ಣು ಬಿಟ್ಟು, ಗೊಗ್ಗರು ದನಿಯಲ್ಲಿ ನೀರು ಕೇಳಿದಳು. ಎರಡೂ ಕೈ ಎತ್ತಲು ಹೇಳಿದೆ, ಎತ್ತಿದಳು. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

ಅವರು ಕಿಟಕಿಯ ಕಡೆ ತಿರುಗಿ ನಿಂತೇ ಇದ್ದರು.

"ಗಂಟಲಿಗೆ ಹಾಕಿದ ಆ ಔಷಧಿ, ಇವಳ ಅಕ್ಕ ಬಂದಾಗಲೂ ಕಪಾಟಿನಲ್ಲೇ ಇತ್ತಲ್ಲ, ಸಿಸ್ಟರ್."

ವಾರ್ಡಿಗೆ ಮರಳಿ, ಆ ತಂಗಿಗೆ ಚಮಚದಲ್ಲಿ ನೀರು ಕುಡಿಸತೊಡಗಿದೆ.