ಮಂಗಳವಾರದ ನೀರು

ನಮ್ಮ ಆರೋಗ್ಯ ಸಹಾಯಕಿಗೆ ಜನ ಇಟ್ಟ ಹೆಸರು 'ಪ್ರಶ್ನೆಪತ್ರಿಕೆ'. ಯಾರಿಗಾದರೂ ಜ್ವರ ಎಂದರೆ ಸಾಕು, ಚಪ್ಪಲಿ ಬಿಟ್ಟು ಒಳಗೆ ಕೂತು ಶುರು ಮಾಡುತ್ತಿದ್ದರು: ಯಾವತ್ತಿನಿಂದ, ಎಷ್ಟು ಸಲ, ಏನು ತಿಂದಿರಿ, ಎಲ್ಲಿಯ ನೀರು ಕುಡಿದಿರಿ. ಇಪ್ಪತ್ತಾರು ವರ್ಷ ಇದೇ ಕೆಲಸ. ನಾನು ಆಸ್ಪತ್ರೆಯ ಲ್ಯಾಬಿನವನು, ಬಾಟಲಿಗಳ ಪೆಟ್ಟಿಗೆ ಹೊತ್ತು ಅವರ ಹಿಂದೆ ತಿರುಗಿದವನು. ಆ ಪ್ರಶ್ನೆಗಳಿಗೆ ನನಗೇ ತಲೆ ಚಿಟ್ಟು ಹಿಡಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಬೇಸಿಗೆಯಲ್ಲಿ ಗುಡ್ಡದ ಕೆಳಗಿನ ಹಳ್ಳಿಗೆ ವಾಂತಿ-ಭೇದಿ ಬಂತು. ಎರಡೇ ದಿನದಲ್ಲಿ ಮೂವತ್ತೊಂದು ಜನ ಹಾಸಿಗೆ ಹಿಡಿದರು. ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿಸಿದೆವು, ಕಿಟಕಿಯ ಸರಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿದೆವು. ಎಲ್ಲರೂ ಉಳಿದುಕೊಂಡರು, ಒಂದು ಮಗುವನ್ನು ಬಿಟ್ಟು. ನಾಲ್ಕು ವರ್ಷದ ಕೂಸು, ಶಾಲೆಗೆ ತರುವಷ್ಟರಲ್ಲಿ ಕೈ ಮೀರಿತ್ತು.

"ಏನು ತಿನ್ಸಿದ್ರಿ ತಾಯಿ?" ಎಂದು ಆ ಮನೆಯಲ್ಲೂ ಸಹಾಯಕಿ ಕೇಳಿದರು.

"ರಾತ್ರಿ ಉಳಿದಿದ್ದ ತಂಗಳು" ಎಂದಳು ಮಗುವಿನ ತಾಯಿ.

ಅವರು ಬರೆದುಕೊಂಡರು, ಅಷ್ಟೇ. ಆದರೆ ಪಕ್ಕದಲ್ಲಿದ್ದ ಅತ್ತೆಗೆ ಅದೇ ತೀರ್ಪಾಯಿತು. "ತಂಗಳು ಹಾಕಿ ಮಗೂನ ತಿಂದ್ಕೊಂಡ್ಲು" ಎಂದು ಬೀದಿಗೆಲ್ಲ ಸಾರಿದರು, ಸೊಸೆಯನ್ನು ಅಡುಗೆಮನೆಗೆ ಬಿಡಲಿಲ್ಲ.

ನಮ್ಮ ಸಹಾಯಕಿ ಮನೆಗಳ ನಕ್ಷೆ ಬರೆದು, ಕಾಯಿಲೆ ಬಿದ್ದ ಮನೆಗೆಲ್ಲ ಕೆಂಪು ಚುಕ್ಕೆ ಇಟ್ಟರು. ಚುಕ್ಕೆಗಳೆಲ್ಲ ಟ್ಯಾಂಕಿನ ನೀರು ಬರುವ ಬೀದಿಗಳಲ್ಲೇ ಬಿದ್ದವು. ಬಾವಿ ನೀರು ಕುಡಿಯುವ ಮೇಲಿನ ಬೀದಿಯಲ್ಲಿ ಒಂದೂ ಇಲ್ಲ.

"ನೀರು ಕಣಪ್ಪ" ಎಂದರು.

ನಾನು ನಂಬಲಿಲ್ಲ. ಆರು ವರ್ಷದಿಂದ ಪ್ರತಿ ಮಂಗಳವಾರ ಅವರೇ ಬಂದು ಆ ನೀರಿಗೆ ಔಷಧಿಯ ಹನಿ ಹಾಕಿ ನೋಡುತ್ತಿದ್ದರಲ್ಲ! ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಒಂದು ವಾರವೂ ತಪ್ಪದೆ ಆಗಿತ್ತು.

ಅವತ್ತು ಶುಕ್ರವಾರ. ಹನಿ ಹಾಕಿದರು. ನೀರಿನ ಬಣ್ಣ ಬದಲಾಗಲಿಲ್ಲ.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ನೀರು ಬಿಡುವ ನೀರುಗಂಟಿ ತಲೆ ತಗ್ಗಿಸಿದ. "ಪೌಡರ್ ಹಾಕಿದ್ರೆ ವಾಸನೆ ಅಂತ ಜನ ಮುಖಕ್ಕೆ ಉಗೀತಾರೆ ಮೇಡಂ. ನೀವು ಬರೋದು ಮಂಗಳವಾರ ಅಲ್ವಾ? ನಿಮ್ಗೆ ಬೇಜಾರಾಗ್ಬಾರ್ದು ಅಂತ ಸೋಮವಾರ ಸಾಯಂಕಾಲ ಮಾತ್ರ ಹಾಕ್ತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಅವರು ನನ್ನ ತೋಳು ಹಿಡಿದರು. "ಒಂದ್ಸಲಾನೂ ದಿನ ಬದಲಾಯಿಸ್ದೇನೇ ಬಂದೋಳು ನಾನಲ್ವೇನಪ್ಪ?" ಎಂದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿದೆವು. ಒಡೆದ ಪೈಪು ಚರಂಡಿಯೊಳಗೇ ಹಾದುಹೋಗಿತ್ತು, ಅದನ್ನೂ ಬದಲಾಯಿಸಿದರು. ಹೊಸದಾಗಿ ಯಾರೂ ಮಲಗಲಿಲ್ಲ. ನೀರಿನಲ್ಲೇ ರೋಗಾಣು ಇತ್ತೆಂಬ ವರದಿ ಕೈಗೆ ಬರುವ ಹೊತ್ತಿಗೆ ಮಗು ಹೋಗಿ ಒಂಬತ್ತು ದಿನ ಕಳೆದಿತ್ತು.

"ನೀರುಗಂಟಿ ತಪ್ಪು ಅಂತ ಬರ್ದು ಮುಗ್ಸಿ. ಆ ಮನೆಗೆ ಮಾತ್ರ ಹೋಗ್ಬೇಡಿ, ಹೊಡೆದ್ರೂ ಹೊಡೆದಾರು" ಎಂದರು ಡಾಕ್ಟರು. ನನಗೂ ಅದೇ ಸರಿ ಎನಿಸಿತು. ಸಹಾಯಕಿ ಕೇಳಬೇಕಲ್ಲ! ನೇರ ಆ ಮನೆಗೇ ಹೊರಟರು.

ಅತ್ತೆ ಬಾಗಿಲಲ್ಲೇ ಕೂತಿದ್ದರು. ಸೊಸೆ ಒಳಗೆ ಗೋಡೆಗೆ ಒರಗಿದ್ದಳು, ಕಣ್ಣುಗಳು ಒಣಗಿದ್ದವು.

"ಅಮ್ಮಾ, ನಿಮ್ಮ ಸೊಸೆ ಕೊಟ್ಟ ಊಟದಿಂದ ಮಗು ಹೋಗ್ಲಿಲ್ಲ. ನಲ್ಲಿ ನೀರಿಂದ ಹೋಯ್ತು. ಆ ನೀರು ಚೆನ್ನಾಗಿದೆ ಅಂತ ವಾರವಾರ ಬರೆದುಕೊಟ್ಟೋಳು ನಾನು."

ತಾಯಿ ಮೆಲ್ಲಗೆ ತಲೆ ಎತ್ತಿದಳು.

"ಕೊನೇವರ್ಗೂ ನೀರು ನೀರು ಅಂತಿದ್ದ. ಲೋಟಗಟ್ಲೆ ಕುಡಿಸ್ದೆ. ಕೊಡಬಾರ್ದಿತ್ತಾ?"

ಇಪ್ಪತ್ತಾರು ವರ್ಷ ಪ್ರಶ್ನೆ ಕೇಳಿದವರು ಈಗ ಉತ್ತರ ಹೇಳಬೇಕಿತ್ತು. ಅವಳ ಪಕ್ಕ ನೆಲದ ಮೇಲೆ ಕೂತರು.

"ಕೊಡ್ಲೇಬೇಕಿತ್ತು ಕಣಮ್ಮ. ಬಾಯಾರಿದ ಮಗೂಗೆ ಯಾವ ತಾಯಾದ್ರೂ ಕೊಡ್ತಾಳೆ. ನೀನು ಸರಿಯಾಗೇ ಮಾಡ್ದೆ. ಸರಿಯಾಗಿ ಮಾಡ್ದೇ ಇದ್ದೋಳು ನಾನು."

ಆಗ ಅವಳು ಅತ್ತಳು, ಬೀದಿಗೆ ಕೇಳುವಂತೆ. ಮಗನನ್ನು ಕೊಂದವಳೆಂದು ಒಂಬತ್ತು ದಿನ ಆ ಮನೆಯಲ್ಲಿ ಅವಳಿಗೆ ಅಳುವುದಕ್ಕೂ ಬಿಟ್ಟಿರಲಿಲ್ಲ.